ಒಂದೇ ಮನೆಯ ಮೂರು ಟ್ಯೂಬುಗಳು

"ಸರ್, ಈ ಮೂರೂ ಒಂದೇ ಮನೆಯವಲ್ವಾ?" ಎಂದು ಕಿರಿಯ ಸಂಶೋಧಕಿ ಕೇಳಿದಾಗ ಅವನು ಕೈಗವಸು ಕಳಚುತ್ತಿದ್ದ. ಬೆವರಿಗೆ ಅಂಟಿದ್ದ ರಬ್ಬರು ಬೆರಳ ತುದಿಗಳಲ್ಲಿ ಸಿಕ್ಕಿಕೊಂಡಿತ್ತು. ಹಲ್ಲಿನಿಂದ ಕಚ್ಚಿ ಎಳೆಯಬೇಕೆನ್ನಿಸಿ, ಲ್ಯಾಬಿನಲ್ಲಿ ಹಾಗೆ ಮಾಡಬಾರದೆಂದು ತಾನೇ ಎಲ್ಲರಿಗೂ ಹೇಳಿಕೊಟ್ಟಿದ್ದು ನೆನಪಾಗಿ ಸುಮ್ಮನೆ ನಿಂತ. ಅವಳು ಪರದೆಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಳು. ಎರಡು ಸಾಲುಗಳ ಅಂಕಿಗಳು ಒಂದರ ಕೆಳಗೊಂದು ಪಡಿಯಚ್ಚಿನಂತೆ ಕೂತಿದ್ದವು; ಮೂರನೆಯ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಬಿಟ್ಟರೆ ಯಾವುದೂ ತಾಳೆಯಾಗುತ್ತಿರಲಿಲ್ಲ. ಅವನು ಬಾಗಿ ನೋಡುವವನಂತೆ ನಟಿಸಿದ. ನೋಡುವ ಅಗತ್ಯವೇ ಇರಲಿಲ್ಲ. ಹಿಂದಿನ ವಾರ ಎಲ್ಲರೂ ಊಟಕ್ಕೆ ಎದ್ದುಹೋದಾಗ ಬಾಗಿಲು ಹಾಕಿಕೊಂಡು ಆ ಮೂರು ಟ್ಯೂಬುಗಳನ್ನು ಅವನೇ ಮತ್ತೆ ಮತ್ತೆ ಪರೀಕ್ಷಿಸಿದ್ದ. ಯಂತ್ರ ಹಟ ಹಿಡಿದ ಮಗುವಿನಂತೆ ಅದೇ ಮಾತನ್ನೇ ಹೇಳಿತ್ತು.

"ಇಬ್ಬರು ಅಣ್ಣತಮ್ಮ, ಒಬ್ಬರು ಅವರ ಚಿಕ್ಕಪ್ಪ ಅಂತ ಇದೆ. ಚಿಕ್ಕಪ್ಪನೂ ಅಣ್ಣತಮ್ಮಂದಿರಲ್ಲಿ ಒಬ್ಬನೂ ಸರಿಹೋಗ್ತಾರೆ, ಹಮಾಲರ ಗುಂಪು. ಇನ್ನೊಬ್ಬ ಇದ್ದಾನಲ್ಲ, ಇವನು ಹಡಗಿನವರ ಕಡೆಯೋನು." ಅವಳು ಲೇಖನಿಯ ತುದಿಯಿಂದ ಮೂರನೆಯ ಸಾಲನ್ನು ತಟ್ಟಿದಳು. "ಪಾಪ, ಇವನಿಗೆ ಗೊತ್ತಿರಲ್ಲ."

ಟ್ಯೂಬುಗಳ ಮೇಲೆ ಹೆಸರಿರಲಿಲ್ಲ, ಸಂಕೇತವಷ್ಟೇ. ಯಾರದ್ದೆಂದು ಅವಳಿಗೆ ಗೊತ್ತಿರಲಿಲ್ಲ. ಆದರೂ ಆ 'ಇವನು' ಅವನ ಕಿವಿಯಲ್ಲಿ ಗೀರಿತು. ಇಷ್ಟು ವರ್ಷ ಸರ್, ಸರ್ ಎನ್ನುತ್ತಿದ್ದ ಬಾಯಲ್ಲಿ ಏಕವಚನ ಅದೆಷ್ಟು ಸಲೀಸಾಗಿ ಬಂತು ಎಂದುಕೊಂಡ. ಅದಕ್ಕಿಂತ ಆ 'ಪಾಪ' ಹೆಚ್ಚು ಚುಚ್ಚಿತ್ತು.

"ಟ್ಯೂಬು ಅದಲುಬದಲಾಗಿರಬೇಕು," ಎಂದ.

"ಮತ್ತೊಂದ್ಸಲ ಮಾಡ್ಲಾ ಸರ್?"

"ಬೇಡ. ಆ ಮೂರನ್ನೂ ಕೈಬಿಡಿ. ಸಂಜೆ ಕೇರಿಯಲ್ಲಿ ಮಾತಾಡ್ಬೇಕು, ನಕ್ಷೆಗಳನ್ನ ರೆಡಿ ಮಾಡಿ."

ವೈ ಕ್ರೋಮೋಸೋಮು ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ, ಹೆಣ್ಣಿನ ಕೈಗೆ ಸಿಗದೆ ಹಾಗೇ ದಾಟಿಕೊಂಡು ಹೋಗುತ್ತದೆ. ಎಲ್ಲೋ ಅಪರೂಪಕ್ಕೆ ಒಂದು ಅಂಕಿ ಹೆಚ್ಚುಕಡಿಮೆಯಾಗುತ್ತದೆ, ಅಷ್ಟೇ. ಅದರ ಮೇಲಿನ ಗುರುತುಗಳನ್ನು ಓದಿದರೆ, ಬೆರಕೆಯಾದ ಜನರಲ್ಲಿ ಯಾವ ಕಡೆಯ ಗಂಡಸರು ಬಂದು ಸೇರಿದರು ಎಂಬುದು ತಿಳಿಯುತ್ತದೆ. ಹಳೆ ಬಂದರಿನ ಕೇರಿಯ ಜನ ಅಂಥ ಬೆರಕೆ. ಹಡಗಿನಲ್ಲಿ ಬಂದ ಪರದೇಶಿ ದೊರೆಗಳು, ಅವರ ಸಿಪಾಯಿಗಳು, ಒಳನಾಡಿನಿಂದ ಮೂಟೆ ಹೊರಲು ಬಂದ ಹಮಾಲರು, ಇವರೆಲ್ಲರ ಪಾಲಿಗೆ ಬಂದ ಹೆಂಗಸರು. ಕೇರಿಯಲ್ಲಿ ಮನುಷ್ಯನನ್ನು ಮೊದಲು ಅಳೆಯುತ್ತಿದ್ದುದು ಮೈಬಣ್ಣದಿಂದ, ಆಮೇಲೆ ಮೂಗಿನಿಂದ, ಆಮೇಲೆ ಸಂಬಳದಿಂದ. ಅವನು ಹುಟ್ಟಿ ಬೆಳೆದದ್ದು ಅಲ್ಲೇ. ಈ ಅಧ್ಯಯನ ಅವನಿಗೆ ಸಿಕ್ಕಿದ್ದೂ ಅದಕ್ಕೇ. ಹೊರಗಿನವರಿಗೆ ಕೇರಿಯವರು ಎಂಜಲು ಕೂಡ ಕೊಡುವುದಿಲ್ಲ ಎಂದು ಸಂಸ್ಥೆಯ ಮೇಡಂ ನಕ್ಕಿದ್ದರು. ಮೊದಲು ನಿಮ್ಮ ಮನೆಯವರದ್ದು ಕೊಡಿ ಎಂದು ಕೇರಿಯವರು ಪಟ್ಟು ಹಿಡಿದಾಗ ಅವನು ಎಲ್ಲರೆದುರು ಟ್ಯೂಬಿಗೆ ಉಗುಳಿದ್ದ. ಅಣ್ಣನೂ ಉಗುಳಿದ್ದ. ಚಿಕ್ಕಪ್ಪ, "ಈ ಟ್ಯೂಬು ಸಾಲದು ಕಣೋ, ನನಗೆ ಉಗಿಯೋದು ಬಹಳ ಇದೆ, ಬಕೆಟ್ ತಾ" ಎಂದು ಕೇರಿಯನ್ನೆಲ್ಲ ನಗಿಸಿದ್ದ.

ತೀರಿಹೋದ ಅಪ್ಪ ಅವನನ್ನು ಕರೆಯುತ್ತಿದ್ದುದು ದೊರೆ ಎಂದು. ದೊರೆ ಊಟ ಮಾಡಿದ್ನಾ, ದೊರೆಗೆ ಚಪ್ಪಲಿ ತಂದಿದೀನಿ, ದೊರೆ ಕಣ್ಣು ನೋಡಿ, ಥೇಟ್ ನಂದೇ. ಅಪ್ಪನ ಕಣ್ಣು ತಿಳಿ ಕಂದು; ಬಿಸಿಲಲ್ಲಿ ನಿಂತರೆ ಜೇನಿನಂತೆ ಕಾಣುತ್ತಿತ್ತು, ಅದನ್ನು ತೋರಿಸಲೆಂದೇ ಅಪ್ಪ ಬಿಸಿಲಲ್ಲಿ ನಿಂತು ಮಾತಾಡುತ್ತಿದ್ದ. ಅಣ್ಣನನ್ನು ಕರೆಯುತ್ತಿದ್ದುದು ಇದ್ದಿಲು ಎಂದು. ಸಿಟ್ಟು ಬಂದಾಗ ಮಾತ್ರವಲ್ಲ, ಸಮಾಧಾನದಲ್ಲಿದ್ದಾಗಲೂ. ಫೋಟೋ ಸ್ಟುಡಿಯೋದಲ್ಲಿ ಒಂದು ದಿನ, ಬಣ್ಣದ ಪರದೆಯ ಮುಂದೆ ಅಮ್ಮ ಕುರ್ಚಿಯಲ್ಲಿ, ಅವನು ಅಪ್ಪನ ತೊಡೆಯ ಮೇಲೆ. ಅಣ್ಣ ಎಲ್ಲರ ಚಪ್ಪಲಿ, ಕೊಡೆ, ಅಮ್ಮನ ಚೀಲ ಹಿಡಿದು ಪಕ್ಕದಲ್ಲಿ. ಫೋಟೋದವನು ಬಟ್ಟೆಯೊಳಗಿಂದ ತಲೆ ಹೊರಹಾಕಿ, "ದೊಡ್ಡೋನೂ ಬರ್ಲಿ" ಎಂದ. "ಅವನು ಬೇಡ, ಬೆಳಕು ಕೆಡತ್ತೆ" ಎಂದ ಅಪ್ಪ. ಫೋಟೋದವನು ನಕ್ಕ. ಅಮ್ಮ ನೇರ ನೋಡುತ್ತ ಕೂತಿದ್ದಳು. ಆಗ ತನ್ನ ಹೊಟ್ಟೆಯಲ್ಲಿ ಬಿಸಿಹಾಲು ಇಳಿದಂತೆ ಒಂದು ಸುಖ ಹಬ್ಬಿದ್ದನ್ನು ಅವನು ಮರೆತಿರಲಿಲ್ಲ. ಅಪ್ಪನ ತೊಡೆಯ ಮೇಲೆ ಇನ್ನಷ್ಟು ಹಿಂದಕ್ಕೆ ಸರಿದು, ಅಣ್ಣನ ಕಡೆ ನೋಡಿ, ನಾಲಿಗೆ ಹೊರಚಾಚಿದ್ದ. ಅಣ್ಣ ಅತ್ತಿರಲಿಲ್ಲ. ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ್ದ.

ಅಪ್ಪ ಅಣ್ಣನನ್ನು ಹೊಡೆಯುವುದಕ್ಕೆ ಕಾರಣ ಬೇಕಿರಲಿಲ್ಲ. ಹೊಡೆಯುವಾಗ ಹೇಳುತ್ತಿದ್ದ ಮಾತು ಮಾತ್ರ ಒಂದೇ: "ಯಾರಿಗೆ ಹುಟ್ಟಿದ್ದೋ ಏನೋ." ಅಮ್ಮ ಅಡುಗೆಮನೆಯಿಂದ ಹೊರಬರುತ್ತಿರಲಿಲ್ಲ. ಪಾತ್ರೆಗಳ ಸದ್ದು ಜೋರಾಗುತ್ತಿತ್ತು.

ಈಗ ಅಂಕಿಗಳು ಹೇಳುತ್ತಿದ್ದುದು ಇಷ್ಟೇ: ಅಪ್ಪ ಹಮಾಲರ ವಂಶದವನು, ಚಿಕ್ಕಪ್ಪನ ಹಾಗೆ. ಅಣ್ಣ ಅಪ್ಪನ ಮಗ. ಹಡಗಿನವರ ಗುರುತು ಇರುವುದು ದೊರೆಗೊಬ್ಬನಿಗೇ, ಆದರೆ ಅದು ಅಪ್ಪನಿಂದ ಬಂದದ್ದಲ್ಲ. ಕಣ್ಣಿನ ಬಣ್ಣ ಯಾವ ಅಜ್ಜಿಯ, ಯಾವ ಮುತ್ತಜ್ಜಿಯ ಕಡೆಯಿಂದಲೂ ಬರಬಹುದು. ಅದು ನೂರು ಬಾಗಿಲ ಮನೆ. ವೈಗೆ ಒಂದೇ ಬಾಗಿಲು. ಊಟದ ಹೊತ್ತಿನ ಆ ಖಾಲಿ ಲ್ಯಾಬಿನಲ್ಲಿ ಅವನು ಬೇರೆ ದಾರಿ ಹುಡುಕಿದ್ದ. ಒಂದು ದಾರಿ ಇತ್ತು. ಅಪ್ಪ ಅಜ್ಜನ ಮಗನಲ್ಲದೆ ಬೇರೆ ಯಾರಿಗೋ ಹುಟ್ಟಿದ್ದು, ಅಣ್ಣ ಚಿಕ್ಕಪ್ಪನಿಗೆ ಹುಟ್ಟಿದ್ದರೆ, ತಾನು ಅಪ್ಪನ ಮಗನಾಗಿ ಉಳಿಯಬಹುದಿತ್ತು. ಅದಕ್ಕಾಗಿ ಸತ್ತ ಅಜ್ಜಿಯನ್ನು ಕೆಡಿಸಬೇಕಿತ್ತು, ಬದುಕಿರುವ ಅಮ್ಮನನ್ನೂ ಚಿಕ್ಕಪ್ಪನನ್ನೂ ಒಂದೇ ಹಾಸಿಗೆಯಲ್ಲಿ ಮಲಗಿಸಬೇಕಿತ್ತು. ಕೆಡಿಸಿದ. ಮಲಗಿಸಿದ. ಚಿಕ್ಕಪ್ಪ ಅಣ್ಣನಿಗೆ ಕೊಡಿಸಿದ್ದ ಸೈಕಲ್ಲನ್ನು ನೆನೆಸಿಕೊಂಡ; ಅಮ್ಮ ಚಿಕ್ಕಪ್ಪನಿಗೆ ಚಹಾ ಕೊಡುವಾಗ ನಗುತ್ತಿದ್ದುದನ್ನು ಹೆಕ್ಕಿದ. ಆಮೇಲೆ, ಅಪ್ಪನ ಮದುವೆಗೂ ಮೊದಲೇ ಹೋಗಿದ್ದ ಚಿಕ್ಕಪ್ಪ ದೂರದ ಬಂದರಿನ ಕ್ರೇನು ಕೆಲಸದಿಂದ ಊರಿಗೆ ಮರಳಿದ್ದೇ ಅಣ್ಣ ನಡೆಯಲು ಕಲಿತ ಮೇಲೆ ಎಂಬುದು ನೆನಪಾಯಿತು. ಕೈ ತೊಳೆದುಕೊಂಡು ಊಟಕ್ಕೆ ಹೋಗಿದ್ದ. ತಣ್ಣಗಾಗಿದ್ದ ಅನ್ನವನ್ನು ಪೂರ್ತಿ ಉಂಡಿದ್ದ.

ಮಧ್ಯಾಹ್ನ ಮೇಡಂ ಬಂದರು. ಟ್ಯೂಬು ಅದಲುಬದಲಾದ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಚೀಟಿ ಅಂಟಿಸುವ ಕೆಲಸ ಲ್ಯಾಬಿನ ಆಯಾಳದ್ದು. ಕೇರಿಯ ಆಚೆಬದಿಯಿಂದ ಎರಡು ಬಸ್ಸು ಬದಲಾಯಿಸಿ ಬರುವ, ಗಂಟಲಲ್ಲಿ ಸದಾ ಕೆಮ್ಮು ಇರುವ ಹೆಂಗಸು. ಅವಳನ್ನು ಎಲ್ಲರೆದುರು ನಿಲ್ಲಿಸಿದರು.

"ಒಂದು ಚೀಟಿ ನೆಟ್ಟಗೆ ಅಂಟಿಸೋಕೆ ಬರಲ್ವಾ ನಿಮಗೆ? ಜನ ನಂಬಿ ಕೊಟ್ಟಿರ್ತಾರೆ."

"ನಾನು ಬದಲಾಯಿಸಿಲ್ಲ ಮೇಡಂ. ಆ ದಿನ ಸರ್ ಪಕ್ಕದಲ್ಲೇ ಇದ್ರು. ಒಂದೊಂದೇ ಅವರ ಕೈಗೆ ಕೊಟ್ಟೆ." ಅವಳು ಅವನ ಕಡೆ ತಿರುಗಿದಳು. "ಹೇಳಿ ಸರ್, ನೀವಿದ್ರಲ್ಲ."

ಅವನಿಗೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು. ಅವಳ ಏಪ್ರನ್ನಿನ ಜೇಬಿನ ಬಳಿಯ ಹೊಲಿಗೆ, ತುಟಿಯ ಪಕ್ಕ ಒಣಗಿದ ಗೀರು, ಹಿಂದೆ ಗೋಡೆಗೊರಗಿ ನಿಂತ ಕಿರಿಯ ಸಂಶೋಧಕಿ. ಇದ್ದೆ ಎಂದರೆ ಸಾಕಿತ್ತು. "ಅಷ್ಟೊಂದು ಜನರ ಗಲಾಟೆಯಲ್ಲಿ ನಾನು ಯಾವುದನ್ನ ಅಂತ ನೋಡ್ಲಿ," ಎಂದ. ಧ್ವನಿಯಲ್ಲಿ ಬೇಸರ ಬೆರೆಸಿದ; ಬೇಸರ ಸತ್ಯದ ಹಾಗೆ ಕೇಳಿಸುತ್ತದೆಂದು ಅವನಿಗೆ ಗೊತ್ತಿತ್ತು. ಮೇಡಂ ಅವಳನ್ನು ನಾಳೆಯಿಂದ ಗಾಜು ತೊಳೆಯುವ ಕೋಣೆಗೆ ಹಾಕಿದರು. ಆ ಕೋಣೆಯ ಆಮ್ಲದ ಹಬೆ ಅವಳ ಕೆಮ್ಮಿಗೆ ಆಗದು ಎಂದು ಎಲ್ಲರಿಗೂ ಗೊತ್ತಿತ್ತು. ಅವಳು ಹೋಗುವಾಗ ಅವನನ್ನೊಮ್ಮೆ ನೋಡಿದಳು. ಸಿಟ್ಟಿನಿಂದಲ್ಲ, ಈ ಮನುಷ್ಯನಿಗೆ ಇದರಿಂದ ಏನು ಸಿಕ್ಕಿತು ಎಂದು ಲೆಕ್ಕ ಹತ್ತದವಳ ಹಾಗೆ.

ಸಂಜೆ ಕೇರಿಯ ಸಂಘದ ಸಭಾಭವನದಲ್ಲಿ ಕುರ್ಚಿ ಸಾಲದೆ ಜನ ಕಿಟಕಿಗಳಲ್ಲಿ ನಿಂತಿದ್ದರು. ಸಂಘದ ಅಧ್ಯಕ್ಷ ಬೇಕರಿ ಯಜಮಾನ, ಎಪ್ಪತ್ತು ದಾಟಿದ ಕೆಂಪು ಮುಖದ ಮನುಷ್ಯ. ತನ್ನ ವಂಶದ ಮೂಲಪುರುಷ ಹಡಗಿನ ಕಪ್ತಾನ ಎಂದು ಅವನು ಬೇಕರಿಯ ಗೋಡೆಯ ಮೇಲೆ ಬರೆಸಿದ್ದ. ಅದೇ ಕಾರಣಕ್ಕೆ ಮಗಳನ್ನು ಕೇಳಿಕೊಂಡು ಬಂದ ಕಪ್ಪು ಹುಡುಗರನ್ನು ಹಿಟ್ಟಿನ ಕೈಯಲ್ಲೇ ತಳ್ಳಿ ಹೊರಹಾಕಿದ್ದ. ಆ ಮಗಳು ಮದುವೆಯಿಲ್ಲದೆ, ಐವತ್ತರ ಹತ್ತಿರ ಬಂದು, ಮೊದಲ ಸಾಲಿನಲ್ಲಿ ಕೂತಿದ್ದಳು. ಹಿಂದಿನ ಬಾಗಿಲ ಹತ್ತಿರ ಅಣ್ಣ ನಿಂತಿದ್ದ. ಹಡಗುಕಟ್ಟೆಯ ವೆಲ್ಡಿಂಗ್ ಕೆಲಸದಿಂದ ನೇರ ಬಂದಿದ್ದ; ಕಿಡಿ ಹಾರಿ ತೂತುತೂತಾದ ಅಂಗಿ, ಮೊಣಕೈಯವರೆಗೆ ಸುಟ್ಟ ಚುಕ್ಕೆಗಳು. ತಮ್ಮ ವೇದಿಕೆ ಹತ್ತಿದಾಗ ಅಣ್ಣ ಚಪ್ಪಾಳೆ ತಟ್ಟಿದ. ಒಬ್ಬನೇ.

ಅವನು ನಕ್ಷೆ ತೋರಿಸಿದ. ಕೇರಿಯ ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ತಂದೆಯ ಗೆರೆ ಒಳನಾಡಿನ ಹಮಾಲರದ್ದು, ಉಳಿದದ್ದರಲ್ಲಿ ಹಡಗಿನವರದ್ದೂ ಸಿಪಾಯಿಗಳದ್ದೂ ಸೇರಿದೆ ಎಂದ. ಜನ ಗುಸುಗುಸು ಎಂದರು.

"ಹಾಗಾದ್ರೆ ಕಪ್ತಾನ?" ಯಾರೋ ಕೂಗಿದರು.

"ಬಂದಿರಬಹುದು. ಬಂದವರು ಸಂಸಾರ ಹೂಡಲಿಲ್ಲ. ಹಡಗು ಹೊರಟಾಗ ಹತ್ತಿಕೊಂಡು ಹೋದರು."

"ಹೆಂಗಸರದ್ದು ಯಾಕೆ ತೋರಿಸ್ತಿಲ್ಲ?" ಎಂದಳು ಬೇಕರಿಯ ಮಗಳು.

"ಇದು ಗಂಡಸರಲ್ಲಿ ಮಾತ್ರ ಇರೋದು."

"ಹೊತ್ತು ಹೆತ್ತು ಸಾಕಿದ್ದು ಯಾರಲ್ಲಿ ಇರತ್ತಂತೆ?" ಎಂದು ಚಿಕ್ಕಪ್ಪ ಕೂತಲ್ಲಿಂದಲೇ ಕೇಳಿದ. ಭವನವೆಲ್ಲ ನಕ್ಕಿತು. ಅವನೂ ನಗಬೇಕಾಯಿತು. ಆ ನಗು ತಣ್ಣಗಾಗುವಷ್ಟರಲ್ಲಿ ಬೇಕರಿ ಯಜಮಾನ ಎದ್ದು ನಿಂತಿದ್ದ.

"ಎಲ್ಲರದ್ದೂ ಕೂಡಿಸಿ ಹೇಳಿದ್ರೆ ಆಗಲ್ಲ. ನಂದು ಬೇರೆ. ನಂದೇನು ಹೇಳು."

"ಅದನ್ನ ಒಬ್ಬೊಬ್ಬರಿಗೇ ಖಾಸಗಿಯಾಗಿ ಹೇಳೋದು ನಿಯಮ."

"ನನಗ್ಯಾವ ಗುಟ್ಟು? ಎಲ್ಲರೆದುರಿಗೇ ಹೇಳು. ನಾನೇ ಹೇಳ್ತಿದೀನಲ್ಲ, ಹೇಳು!"

ಅವನು ಹೇಳದಿರಬಹುದಿತ್ತು. ಮುದುಕನ ಕೆಂಪು ಕುತ್ತಿಗೆ, ಬಿಗಿದ ಗಲ್ಲ, ಎದೆ ಮುಂದೆ ಮಾಡಿ ನಿಂತ ರೀತಿ. ಅದರಲ್ಲಿ ಅಪ್ಪ ಬಿಸಿಲಿನಲ್ಲಿ ನಿಂತಿದ್ದ. ಇಡೀ ವಾರ ಒಳಗೆ ಕೊಳೆಯುತ್ತಿದ್ದುದಕ್ಕೆ ಒಮ್ಮೆಲೇ ಬಾಯಿ ಸಿಕ್ಕಿತು. "ಹಮಾಲರದ್ದು," ಎಂದ. ಸಾಲದೆನ್ನಿಸಿ, "ಸ್ವಲ್ಪವೂ ಅನುಮಾನ ಇಲ್ಲ. ಅಪ್ಪಟ ಮೂಟೆ ಹೊರೋರದ್ದು," ಎಂದು ಸೇರಿಸಿದ. ಕಿಟಕಿಯ ಕಡೆಯಿಂದ ಶಿಳ್ಳೆ ಬಂತು, ಆಮೇಲೆ ನಗೆ, ಆಮೇಲೆ ಯಾರೋ "ಕಪ್ತಾನ್ರೇ, ಮೂಟೆ!" ಎಂದರು. ಮುದುಕ ಕೂರಲು ಹೋಗಿ ಕುರ್ಚಿ ಸಿಗದೆ ತಡವರಿಸಿದ. ಮಗಳು ಅವನ ಕೈ ಹಿಡಿಯಲಿಲ್ಲ. ಕೂತಲ್ಲೇ ನಗಲಾರಂಭಿಸಿದಳು, ಮೊದಲು ಸದ್ದಿಲ್ಲದೆ, ಆಮೇಲೆ ಭುಜ ಕುಲುಕುವಂತೆ. ಆ ನಗೆ ಯಾವಾಗ ಅಳುವಾಯಿತೆಂದು ಯಾರಿಗೂ ಗೊತ್ತಾಗಲಿಲ್ಲ. ವೇದಿಕೆಯ ಮೇಲೆ ಅವನಿಗೆ ಉಸಿರು ಹಗುರಾಗಿತ್ತು.

ಸಭೆ ಮುಗಿದ ಮೇಲೆ ಅಣ್ಣ ಅವನನ್ನು ಬಿಡಲಿಲ್ಲ. "ಅಮ್ಮ ಕಾಯ್ತಿದಾಳೆ, ಒಂದು ತುತ್ತು ಉಂಡು ಹೋಗು" ಎಂದು ಕರೆದುಕೊಂಡು ಹೋದ. ಅಮ್ಮ ಇರುವುದು ಅಣ್ಣನ ಮನೆಯಲ್ಲೇ. ಅತ್ತಿಗೆ ತೀರಿಕೊಂಡ ಮೇಲೆ ಎರಡೇ ಜೀವ. ಅಮ್ಮನ ಮಂಡಿ ತಿಕ್ಕುವುದು, ಸ್ನಾನಕ್ಕೆ ನೀರು ಕಾಯಿಸುವುದು ಎಲ್ಲ ಅಣ್ಣನದೇ. ಬಡಿಸಿದ್ದೂ ಅವನೇ. ಉಂಡಾದ ಮೇಲೆ ಅಮ್ಮ ಒಳಗೆ ಪಾತ್ರೆ ಎತ್ತುತ್ತಿದ್ದಾಗ ಅಣ್ಣ ಮುಂಬಾಗಿಲ ಮೆಟ್ಟಿಲ ಮೇಲೆ ಅವನ ಪಕ್ಕ ಬಂದು ಕೂತ. ಬೀದಿಯ ದೀಪ ಹತ್ತಿತ್ತು. ಅಣ್ಣ ಅಂಗೈಯ ಸುಟ್ಟಗಾಯದ ಸಿಪ್ಪೆಯನ್ನು ಕೀಳುತ್ತ, ಅದನ್ನೇ ನೋಡುತ್ತ ಕೇಳಿದ:

"ನಂದೇನಾಯ್ತೋ?"

"ಏನು?"

"ನಾನೂ ಉಗುಳಿದ್ನಲ್ಲ. ಅಪ್ಪ ಅನ್ನೋನಲ್ಲ ಯಾವಾಗಲೂ... ನಿನ್ನ ಮೆಷೀನಿಗೆ ಗೊತ್ತಾಗತ್ತಂತೆ. ನಾನು ಅದಕ್ಕೇ ಕೊಟ್ಟಿದ್ದು. ಕೇರಿ ಗೀರಿ ನನಗೇನು ಗೊತ್ತು."

ಹೇಳಬೇಕಾಗಿದ್ದುದು ಮೂರೇ ಪದ. ನೀನೇ ಅಪ್ಪನ ಮಗ. ಅವು ನಾಲಿಗೆಯ ಮೇಲೇ ಇದ್ದವು. ಅವನು ಯಾರೆಂಬುದೆಲ್ಲ ಅವುಗಳ ಮೇಲೆ ನಿಂತಿತ್ತು. ಅದರ ಮುಂದಿನ ಮಾತು ತಾನೇ ಬರುತ್ತಿತ್ತು: ಹಾಗಾದ್ರೆ ನೀನು? ಅಣ್ಣ ಆ ಪ್ರಶ್ನೆ ಕೇಳುವುದೂ ಇಲ್ಲ, ತನ್ನನ್ನೇ ತಬ್ಬಿಕೊಂಡು ಅಳುತ್ತಾನೆ ಎಂದೂ ಅವನಿಗೆ ಗೊತ್ತಿತ್ತು. ಆ ಅಪ್ಪುಗೆಯನ್ನು, ಆ ಸುಟ್ಟ ಕೈಗಳ ಕರುಣೆಯನ್ನು, ನೆನೆಸಿಕೊಂಡೇ ಅವನ ಮೈ ಹಿಡಿಯಾಯಿತು. ಬೆಳಿಗ್ಗೆಯ 'ಪಾಪ' ಅಣ್ಣನ ಬಾಯಿಂದ ಕೇಳಲಾರೆ ಎನ್ನಿಸಿತು.

"ನಿನ್ನ ಟ್ಯೂಬು ಕೆಟ್ಟುಹೋಯ್ತು," ಎಂದ. "ಆಯಾ ಚೀಟಿ ಅದಲುಬದಲು ಮಾಡಿಬಿಟ್ಲು."

ಅಣ್ಣ ನಿಧಾನವಾಗಿ ತಲೆಯಾಡಿಸಿದ. ಬಾಗಿಲು ಮುಚ್ಚಿದ್ದನ್ನು ಖಾತ್ರಿ ಮಾಡಿಕೊಂಡವನ ಹಾಗೆ. ತಮ್ಮನ ಮೊಣಕಾಲ ಮೇಲೆ ಕೈಯಿಟ್ಟ.

"ಬೇಕರಿ ಯಜಮಾನ್ರಿಗೆ ಅಷ್ಟು ಜನರೆದುರು ಪಟ್ಟಂತ ಹೇಳಿದೋನು ನೀನು. ನನಗೆ ಹೇಳೋಕೆ ಬಾಯಿ ಬರ್ಲಿಲ್ಲ, ಅಲ್ವಾ?" ನಗಲು ನೋಡಿದ. "ಇರ್ಲಿ ಬಿಡೋ. ಗೊತ್ತಿದ್ದಿದ್ದೇ. ಅಪ್ಪ ಸುಮ್ಮಸುಮ್ಮನೆ ಹೊಡೀತಾನಾ? ನನಗೇ ಆಸೆ, ಎಲ್ಲೋ ಒಂದು ಕಡೆ. ನೀನು ಸುಳ್ಳು ಹೇಳಿ ನನ್ನ ಮರ್ಯಾದೆ ಉಳಿಸಿದೆ. ಅಷ್ಟು ಸಾಕು ನನಗೆ."

"ಅಣ್ಣಾ, ಹಾಗಲ್ಲ..."

"ಬೇಡ, ಏನೂ ಹೇಳ್ಬೇಡ. ಚೆನ್ನಾಗಿರು ನೀನು."

ಅಣ್ಣ ಬೈಕು ತರಲು ಹಿತ್ತಲಿಗೆ ಹೋದ. ಅವನು ಬಾಯಿ ಮುಚ್ಚಿಕೊಂಡ. ಹಾಗಲ್ಲ ಎಂಬ ಮಾತು ಅಷ್ಟರಲ್ಲೇ ಮುಗಿದಿತ್ತು; ಅದು ಮುಗಿದಿದ್ದಕ್ಕೆ ಅವನಿಗೆ ನೆಮ್ಮದಿಯಾಗಿತ್ತು. ತಿರುಗಿ ನೋಡಿದರೆ ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಒದ್ದೆ ಕೈಗಳನ್ನು ಒರೆಸಿಕೊಳ್ಳುತ್ತಿರಲಿಲ್ಲ. ಯಾವಾಗಿನಿಂದ ನಿಂತಿದ್ದಳೋ.

"ಹೇಳ್ಲಿಲ್ಲ," ಎಂದಳು. ಪ್ರಶ್ನೆಯಾಗಿರಲಿಲ್ಲ.

"ನಿನಗೆ ಗೊತ್ತಿತ್ತು."

"ನನಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರತ್ತೆ?"

"ಅಣ್ಣ ಹೊಡೆಸಿಕೊಳ್ಳೋವಾಗ ಒಂದು ಮಾತು ಹೇಳಬಹುದಿತ್ತಲ್ಲಮ್ಮ. ಇವನು ನಿಮ್ಮ ಮಗನೇ ಅಂತ."

"ಹೇಳಿದ್ರೆ ಆ ಕಣ್ಣು ನಿನ್ನ ಕಡೆ ತಿರುಗ್ತಿತ್ತು. ಅಪ್ಪನ ಅನುಮಾನ ಯಾರ ಮೇಲಾದರೂ ಬೀಳಲೇಬೇಕಿತ್ತು. ಅವನ ಮೇಲೆ ಬಿತ್ತು, ಸುಮ್ಮನಾದೆ." ಅವಳ ಧ್ವನಿ ಸೊಪ್ಪಿನ ಕ್ರಯ ಹೇಳುವವಳ ಹಾಗೆ ಸಪಾಟಾಗಿತ್ತು. "ಈಗಲೂ ಒಳ್ಳೇದೇ ಆಯ್ತು. ಅವನು ತಡ್ಕೋತಾನೆ, ಅಭ್ಯಾಸ ಇದೆ. ನೀನು ತಡ್ಕೊಳ್ಳಲ್ಲ."

ಯಾರು ಎಂದು ಅವನು ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾಳೆ ಎಂಬ ಹೆದರಿಕೆಯಾಯಿತು. ಅಮ್ಮ ಕೈಚಾಚಿ ಅವನ ಕೆನ್ನೆ ಮುಟ್ಟಿದಳು. ಪಾತ್ರೆ ತೊಳೆದ ನೀರು ತಣ್ಣಗೆ ಕುತ್ತಿಗೆಗೆ ಇಳಿಯಿತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ, ಹಿಂದೆ ಸರಿಯಲೂ ಇಲ್ಲ.

ಬಸ್ ನಿಲ್ದಾಣದವರೆಗೆ ಅಣ್ಣ ಬೈಕಿನಲ್ಲಿ ಬಿಟ್ಟ. ದಾರಿಯುದ್ದಕ್ಕೂ ಗಾಳಿಗೆ ತಲೆ ತಿರುಗಿಸಿ ತಿರುಗಿಸಿ ಮಾತಾಡುತ್ತಿದ್ದ. ಅಣ್ಣ ಅಷ್ಟು ಮಾತಾಡಿದ್ದನ್ನು ಅವನು ಎಂದೂ ಕೇಳಿರಲಿಲ್ಲ. ಅಪ್ಪನ ಗೋರಿಗೆ ವರ್ಷಕ್ಕೊಮ್ಮೆ ಸುಣ್ಣ ಬಳಿಯುತ್ತಿದ್ದವನು ಅಣ್ಣನೇ. ಇನ್ನು ಮೇಲೆ ಅದು ತನಗೆ ಸಲ್ಲದು ಎಂದ.

"ನಾನು ಮುಟ್ಟೋದು ಅಪ್ಪನಿಗೂ ಇಷ್ಟ ಇರ್ಲಿಲ್ಲವೇನೋ. ನೀನೇ ಬಳಿ, ನಿಂದೇ ಹಕ್ಕು. ಕಷ್ಟ ಏನಿಲ್ಲ. ಮೊದಲು ಪಾಚಿ ಕೆರೀಬೇಕು, ತೆಂಗಿನ ನಾರಲ್ಲಿ. ತಲೆ ಕಡೆ ಒಂದು ಬಿರುಕಿದೆ, ಅಲ್ಲಿ ಸ್ವಲ್ಪ ಸಿಮೆಂಟು ತುಂಬು. ಸುಣ್ಣ ಹಿಂದಿನ ದಿನವೇ ನೆನೆಹಾಕು, ತೆಳ್ಳಗೆ ಕಲಸು, ಎರಡು ಸಲ ಬಳಿ. ಕೇಳಿಸ್ತಾ ಇದೆಯಾ?"

"ಹೂಂ."

"ಒಂದು ಹಿಡಿ ಉಪ್ಪು ಹಾಕೋದು ಮಾತ್ರ ಮರೀಬೇಡ. ಇಲ್ಲದಿದ್ರೆ ಒಂದೇ ಮಳೆಗೆ ಉದುರಿಹೋಗತ್ತೆ."

"ಒಂದು ಹಿಡಿ ಸಾಕಾ?" ಎಂದು ಅವನು ಕೇಳಿದ.

"ನಿನ್ನ ಕೈ ಚಿಕ್ಕದು," ಎಂದು ಅಣ್ಣ ಗಂಭೀರವಾಗಿ ಯೋಚಿಸಿ ಹೇಳಿದ. "ಒಂದೂವರೆ ಹಾಕು."